ರಿಜಿಸ್ಟರಿನಲ್ಲಿದ್ದ ತಾಯಿ

ದೊಡ್ಡನೆಕ್ಕುಂದಿಯ ಮುನಿರಾಜು ಲಿಫ್ಟ್ ಮೆಕ್ಯಾನಿಕ್. ಇಂದಿರಾನಗರ, ಕಮ್ಮನಹಳ್ಳಿ ಕಡೆಯ ಮೂವತ್ತೆಂಟು ಕಟ್ಟಡಗಳ ಲಿಫ್ಟುಗಳು ಅವನನ್ನು ನಂಬಿಕೊಂಡು ಏರಿ ಇಳಿಯುತ್ತವೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಬ್ಬರಿಗೂ ಒಂದು ತರಚು ಗಾಯ ಆಗಿಲ್ಲ. ಅವನ ಜಾಣತನ ಇದಕ್ಕೆ ಕಾರಣ ಎಂದು ಕಟ್ಟಡದ ಮಾಲೀಕರು ಹೊಗಳುತ್ತಾರೆ. ನಿಜವಾದ ಕಾರಣ ಅವನ ಪುಕ್ಕಲುತನ. ಬೇರೆಯವರು ಒಂದು ಸಲ ನೋಡುವ ಬ್ರೇಕನ್ನು ಇವನು ಮೂರು ಸಲ ನೋಡುತ್ತಾನೆ. ಗೇಟು ದಾಟಿ ಗಾಡಿ ಹತ್ತಿದ ಮೇಲೆ ಏನೋ ಅನುಮಾನ ಬಂದು, ಹೆಲ್ಮೆಟ್ಟು ತೆಗೆದು, ವಾಪಸ್ ಹೋಗಿ ನಾಲ್ಕನೇ ಸಲ ನೋಡುತ್ತಾನೆ.

ಮನೆಯಲ್ಲೂ ಇದೇ ಕಥೆ. ಮಗಳು ಎರಡು ಸಲ ಕೆಮ್ಮಿದರೆ ಅದು ನ್ಯುಮೋನಿಯಾ. ಮಗ ಫೋನ್ ಎತ್ತದಿದ್ದರೆ ಅದು ಆಕ್ಸಿಡೆಂಟ್. ಹೆಂಡತಿ ಯಮುನಾ ಕಮ್ಮನಹಳ್ಳಿಯ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುವವಳು, ಬಾಯಿ ಜೋರು. "ಹಗ್ಗ ಕಂಡು ಹಾವು ಅನ್ನೋರನ್ನ ನೋಡಿದೀನಿ ರೀ. ನಿಮಗೆ ಹಗ್ಗಾನೂ ಬೇಡ" ಎಂದು ನಗುತ್ತಾಳೆ. ಐವತ್ತೊಂದು ವಯಸ್ಸಿನ ಗಂಡಸನ್ನು ಹೀಗೆ ಆಡಿಕೊಳ್ಳಬಾರದು, ಆದರೆ ಮುನಿರಾಜುವನ್ನು ಆಡಿಕೊಳ್ಳದೆ ಇರುವುದು ಕಷ್ಟ.

ಇಂಥವನ ಮನೆಗೆ ಕಳೆದ ಡಿಸೆಂಬರಿನಲ್ಲಿ ಒಂದು ಸ್ಕೂಲ್ ಪ್ರಾಜೆಕ್ಟ್ ಬಂತು.

ಮಗಳು ಸಂಘಮಿತ್ರಾ ಏಳನೇ ಕ್ಲಾಸು. ಅವಳ ಸಮಾಜದ ಟೀಚರು ಹಂಸ ಮಿಸ್ಸು ಮಕ್ಕಳಿಗೆಲ್ಲ ವಂಶವೃಕ್ಷ ಬರೆದು ತರಲು ಹೇಳಿದ್ದರು. ಅಷ್ಟೇ ಆಗಿದ್ದರೆ ಒಂದು ಸಂಜೆಯ ಕೆಲಸ. ಆದರೆ ಈ ಮಿಸ್ಸು ಬೇರೆ ಥರದವರು. ಚಾರ್ಟಿನಲ್ಲಿ ಬರೆಯುವ ಪ್ರತಿ ಹೆಸರಿಗೂ ಒಂದು ಕಾಗದದ ಆಧಾರ ಬೇಕಂತೆ. ಯಾವುದಾದರೂ ಕಚೇರಿಯ ಹಳೆಯ ದಾಖಲೆಯನ್ನು ಮಕ್ಕಳು ತಾವೇ ಹೋಗಿ, ಕಣ್ಣಾರೆ ನೋಡಿ, ನಕಲು ತರಬೇಕಂತೆ. "ಅಜ್ಜಿ ಹೇಳಿದ್ರು, ಮಾವ ಹೇಳಿದ್ರು ಅಂತ ಬರೆದ್ರೆ ಮಾರ್ಕ್ಸ್ ಇಲ್ಲ ಅಪ್ಪ" ಎಂದಳು ಸಂಘಮಿತ್ರಾ.

ಹುಡುಗಿ ಹಟಮಾರಿ. ಹತ್ತು ದಿನದಲ್ಲಿ ಯಮುನಾಳ ಜನನ ಪ್ರಮಾಣಪತ್ರ, ತಾತ ಚಲುವಯ್ಯನವರ ಹಳೆಯ ರೇಷನ್ ಕಾರ್ಡು, ಅಜ್ಜಿ ಪಿಳ್ಳಮ್ಮನ ಮತದಾರರ ಚೀಟಿ, ಎಲ್ಲ ಒಟ್ಟು ಮಾಡಿದಳು. ಉಳಿದದ್ದು ಅಪ್ಪನ ಹುಟ್ಟಿನ ದಾಖಲೆ. ಅದು ಮನೆಯಲ್ಲಿ ಇರಲೇ ಇಲ್ಲ. ಇದ್ದದ್ದು ಶಾಲೆಯ ಟಿ.ಸಿ. ಮಾತ್ರ, ಅದರಲ್ಲಿ ಜೂನ್ ಒಂದು, ಸಾವಿರದ ಒಂಬೈನೂರ ಎಪ್ಪತ್ನಾಲ್ಕು ಎಂದಿತ್ತು.

ಸರ್ಕಾರಿ ಕಚೇರಿ ಎಂದರೆ ಮುನಿರಾಜು ದೂರದಿಂದಲೇ ಕೈಮುಗಿಯುವವನು. ಆದರೂ ಒಂದು ಶನಿವಾರ ರಜೆ ಹಾಕಿ, ಸಂಘಮಿತ್ರಾಳನ್ನೂ ಪಿಯುಸಿ ಓದುತ್ತಿದ್ದ ಮಗ ಸುಗತನನ್ನೂ ಕರೆದುಕೊಂಡು, ದಂಡು ಪ್ರದೇಶದ ಹಳೆಯ ಜನನ ಮರಣದ ರಿಜಿಸ್ಟರುಗಳನ್ನಿಟ್ಟಿದ್ದ ರೆಕಾರ್ಡ್ ರೂಮಿಗೆ ಹೋದ. ಅಲ್ಲಿ ರಾಮಾಂಜಿನಪ್ಪ ಎಂಬ ಗುಮಾಸ್ತರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಧೂಳು ಹೊಡೆಯುತ್ತಿದ್ದರು. ಮಕ್ಕಳನ್ನು ಕಂಡು ಖುಷಿಯಾಯಿತು ಅವರಿಗೆ. ಆ ಕೋಣೆಗೆ ಮಕ್ಕಳು ಬಂದದ್ದು ಅವರ ಸರ್ವೀಸಿನಲ್ಲೇ ಮೊದಲಂತೆ.

"ತಾರೀಖು ಏನ್ ಸಾರ್?"

"ಜೂನ್ ಒಂದು."

ರಾಮಾಂಜಿನಪ್ಪ ಕರ್ಚೀಫಿನೊಳಗೇ ನಕ್ಕರು. "ಜೂನ್ ಒಂದು ಹೆಡ್‌ಮಾಸ್ಟ್ರು ಕೊಟ್ಟಿದ್ದು ಸಾರ್. ನಮ್ಮ ಕಾಲದಲ್ಲಿ ಅರ್ಧ ಕ್ಲಾಸು ಜೂನ್ ಒಂದಕ್ಕೇ ಹುಟ್ಟಿದ್ದು. ಮನೇಲಿ ಏನಂತಾರೆ ಹೇಳಿ."

ಮನೆಯಲ್ಲಿ ಪಿಳ್ಳಮ್ಮ ಹೇಳುತ್ತಿದ್ದುದು ಬೇರೆ. ಶಿವಾಜಿನಗರದಲ್ಲಿ ಮೇರಿಯಮ್ಮನ ಚರ್ಚಿನ ಬಾವುಟ ಏರಿಸಿದ ಮೂರನೇ ದಿನ ಇವನು ಹುಟ್ಟಿದ್ದು. ಆಗ ಅವರಿದ್ದದ್ದು ಅಲ್ಲೇ, ಬೇಕರಿಯೊಂದರ ಹಿಂದಿನ ಸಾಲುಮನೆಯಲ್ಲಿ. ಚಲುವಯ್ಯ ಆ ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದರು. ಸುಗತ ಫೋನಿನಲ್ಲಿ ಹುಡುಕಿ, ಬಾವುಟ ಏರುವುದು ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಎಂದ. "ಹಾಗಾದ್ರೆ ಮೂವತ್ತೊಂದು. ಮನೇಲಿ ಹೆರಿಗೆ ಆಗಿದ್ರೆ ಬರೆಸೋದು ಒಂದು ವಾರ ತಡ. ಸೆಪ್ಟೆಂಬರ್ ನೋಡೋಣ" ಎಂದು ರಾಮಾಂಜಿನಪ್ಪ ಒಂದು ದಪ್ಪ ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. ಅಪ್ಪ ಹುಟ್ಟಿದ ದಿನ ಮಕ್ಕಳು ಹೀಗೆ ಲೆಕ್ಕ ಹಾಕಿ ಹಿಡಿದದ್ದಕ್ಕೆ ಮುನಿರಾಜುಗೂ ಹೆಮ್ಮೆಯಾಯಿತು. ಆ ಬೆಳಗಿನಲ್ಲಿ ಅವನು ಭಯ ಮರೆತಿದ್ದ ಐದು ನಿಮಿಷ ಅಂದರೆ ಅದೇ.

ಸಂಘಮಿತ್ರಾ ಬೆರಳಿಟ್ಟು ಓದುತ್ತ ಬಂದಳು. ಇಂಗ್ಲಿಷಿನಲ್ಲಿ, ಯಾರದೋ ಓರೆ ಅಕ್ಷರ. ಒಂದು ಸಾಲಿನಲ್ಲಿ ನಿಂತಳು.

"ಅಪ್ಪ! ಆಗಸ್ಟ್ ಮೂವತ್ತೊಂದು. ಗಂಡು. ತಂದೆ ಚಲುವಯ್ಯ. ಕೆಲಸ, ಬೇಕರಿ. ತಾಯಿ..." ಹುಡುಗಿ ಕಣ್ಣು ಕಿರಿದು ಮಾಡಿಕೊಂಡಳು. "ತಾಯಿ ಶಂಶುನ್ನೀಸಾ."

ಮುನಿರಾಜು ಆ ಸಾಲಿನ ಮೇಲಿದ್ದ ಮಗಳ ಬೆರಳನ್ನು ಸರಿಸಿದ.

"ಅದು ಬೇರೆ ಯಾರೋ ಇರ್ಬೇಕು. ಮುಂದೆ ನೋಡು."

"ಬೇರೆ ಅಲ್ಲಪ್ಪ. ಅಡ್ರೆಸ್ಸು ತಾತನ ರೇಷನ್ ಕಾರ್ಡಲ್ಲಿರೋದೇ. ಮನೆ ನಂಬರೂ ಅದೇ."

ಸುಗತನೂ ಬಗ್ಗಿ ನೋಡಿದ. ಮಾಹಿತಿ ಕೊಟ್ಟವರು ಎಂಬಲ್ಲಿಯೂ ಶಂಶುನ್ನೀಸಾ ಎಂದೇ ಇತ್ತು, ಪಕ್ಕದಲ್ಲಿ ಮಾಸಿದ ಹೆಬ್ಬೆಟ್ಟು. ಮುಂದಿನ ಮೂರು ತಿಂಗಳ ಹಾಳೆಗಳನ್ನು ತಿರುವಿದರೂ ಇನ್ನೊಬ್ಬ ಚಲುವಯ್ಯ ಸಿಗಲಿಲ್ಲ. "ಹಳೇ ರಿಜಿಸ್ಟರಲ್ಲಿ ತಪ್ಪು ಇರುತ್ತೆ ಸಾರ್, ಮನೇಲಿ ದೊಡ್ಡೋರನ್ನ ಕೇಳಿ" ಎಂದು ರಾಮಾಂಜಿನಪ್ಪ ಮೆಲ್ಲಗೆ ಹೇಳಿ ನಕಲು ಬರೆದುಕೊಟ್ಟರು. ಅವರ ದನಿ ಮೆತ್ತಗಾದದ್ದು ಮುನಿರಾಜುವಿನ ಜೀವ ಇನ್ನಷ್ಟು ಹಿಂಡಿತು.

ಶಂಶುನ್ನೀಸಾ ಯಾರೆಂದು ಅವನಿಗೆ ಗೊತ್ತಿತ್ತು. ಸಾಲುಮನೆಯಲ್ಲಿ ಗೋಡೆ ಹಂಚಿಕೊಂಡಿದ್ದ ಹೆಂಗಸು. ಕೈತುಂಬ ಗಾಜಿನ ಬಳೆ. ರಂಜಾನಿನಲ್ಲಿ ಶ್ಯಾವಿಗೆಯ ಬಟ್ಟಲನ್ನು ಇವನ ಕೈಗೇ ಕೊಡುತ್ತಿದ್ದಳು, ಬೇರೆ ಮಕ್ಕಳಿಗೆ ಅಲ್ಲ. ಇವನಿಗೆ ಆರು ವರ್ಷವಾದಾಗ ಪಿಳ್ಳಮ್ಮ ಹಟ ಹಿಡಿದು ತನ್ನ ತವರು ದೊಡ್ಡನೆಕ್ಕುಂದಿಗೆ ಮನೆ ಎತ್ತಿದಳು. ಆಮೇಲೆ ಶಿವಾಜಿನಗರದ ಕಡೆ ತಲೆ ಹಾಕಿ ಮಲಗಲಿಲ್ಲ.

ಮೆಟ್ರೋ ಪ್ಲಾಟ್‌ಫಾರಮ್ಮಿನಲ್ಲಿ ಮಕ್ಕಳನ್ನು ಪಕ್ಕಕ್ಕೆ ಕರೆದು ಹೇಳಿದ. "ಅಕ್ಕನಿಗೆ ಇದು ಹೇಳ್ಬೇಡಿ. ನಾನೇ ಕೇಳ್ತೀನಿ."

ಅಕ್ಕ ಎಂದರೆ ಪಿಳ್ಳಮ್ಮ. ಮುನಿರಾಜು ತಾಯಿಯನ್ನು ಹುಟ್ಟಿದಾಗಿನಿಂದ ಕರೆಯುವುದು ಹಾಗೇ. ತುಂಬಿದ ಮನೆಗಳಲ್ಲಿ ಎಷ್ಟೋ ಮಕ್ಕಳು ಅಮ್ಮನನ್ನು ಅಕ್ಕ ಅನ್ನುತ್ತವೆ, ಅದರಲ್ಲೇನೂ ವಿಶೇಷವಿಲ್ಲ ಎಂದು ಅವನು ತಿಳಿದಿದ್ದ.

"ಅಜ್ಜಿ ನಿನ್ನ ಅಮ್ಮ ಅಲ್ವಾ ಅಪ್ಪ?" ಎಂದಳು ಸಂಘಮಿತ್ರಾ.

ರೈಲು ಬಂತು. ಮುನಿರಾಜು ಮಕ್ಕಳನ್ನು ಮುಂದೆ ಮಾಡಿ ಹತ್ತಿಸಿದ. ಕೆ.ಆರ್. ಪುರದವರೆಗೂ ನಿಂತೇ ಬಂದ, ಸೀಟು ಖಾಲಿ ಇದ್ದರೂ.

ಮೊದಲು ಬಂದದ್ದು ಕಾಗದಪತ್ರದ ಭಯ. ಈ ನಕಲು ಯಾರ ಕೈಗಾದರೂ ಸಿಕ್ಕರೆ? ಸುಗತನ ಜಾತಿ ಪ್ರಮಾಣಪತ್ರದ ಗತಿ ಏನು, ಅವನ ಕಾಲೇಜು ಸೀಟಿನ ಗತಿ ಏನು? ಅದು ಒಂದು ದಿನದ ಭಯ. ಎರಡನೇ ದಿನಕ್ಕೆ ಅದರ ಕೆಳಗಿದ್ದ ನಿಜವಾದ ಭಯ ಮೇಲೆದ್ದಿತು. ಅಪ್ಪನಿಗೂ ಪಕ್ಕದ ಮನೆಯ ಹೆಂಗಸಿಗೂ ಹುಟ್ಟಿದವನು ತಾನು. ಪಿಳ್ಳಮ್ಮ ಬೇರೆ ದಾರಿಯಿಲ್ಲದೆ ಸಾಕಿದ್ದಾಳೆ. ಐವತ್ತೊಂದು ವರ್ಷ ಕಣ್ಣೆದುರಿಗೆ ಗಂಡನ ತಪ್ಪನ್ನು ಇಟ್ಟುಕೊಂಡು ಬದುಕಿದ್ದಾಳೆ.

ಹೀಗೆ ಒಮ್ಮೆ ಅನ್ನಿಸಿದ್ದೇ ತಡ, ಹಳೆಯ ನೋವುಗಳೆಲ್ಲ ಸಾಕ್ಷಿ ಹೇಳಲು ಸಾಲಾಗಿ ಬಂದು ನಿಂತವು. ಒಂಬತ್ತನೇ ವಯಸ್ಸಿನಲ್ಲಿ ಟೈಫಾಯಿಡ್ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ವಾರ್ಡಿನ ಎಲ್ಲ ಮಕ್ಕಳ ಪಕ್ಕದಲ್ಲೂ ಅವರವರ ಅಮ್ಮ. ಪಿಳ್ಳಮ್ಮ ಮಾತ್ರ ಹನ್ನೊಂದು ದಿನವೂ ಗೇಟಿನ ಹತ್ತಿರದ ಮರದ ಕೆಳಗೆ ನಿಂತು, ಗಂಜಿಯ ಡಬ್ಬಿಯನ್ನು ಬೇರೆಯವರ ಕೈಲಿ ಒಳಗೆ ಕಳಿಸಿದಳು. ಒಂದು ಸಲವೂ ಹಾಸಿಗೆಯ ಹತ್ತಿರ ಬರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಬೇಕರಿಯಿಂದ ಕೇಕು ತಂದರು, ಅವಳು ತಿನ್ನಲಿಲ್ಲ. ಮನೆಗೆ ಯಾರಾದರೂ ಬಂದರೆ "ಇವನು ಮುನಿರಾಜು" ಎನ್ನುತ್ತಿದ್ದಳೇ ಹೊರತು "ನನ್ನ ಮಗ" ಎಂದದ್ದು ಅವನು ಕೇಳಿಲ್ಲ. ಬೌದ್ಧ ಪದ್ಧತಿಯಲ್ಲಿ ನಡೆದ ಅವನ ಮದುವೆಯಲ್ಲಿ ಭಂತೇಜಿ ಹುಡುಗನ ತಾಯಿ ಮುಂದೆ ಬರಲಿ ಎಂದಾಗ ಅವಳು ಅಡಿಗೆಮನೆ ಸೇರಿಕೊಂಡಳು, ಅವಳ ಅಕ್ಕ ಬಂದು ನಿಂತಳು. ಸ್ವಭಾವವೇ ಹಾಗೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದ ಬಡಪಾಯಿ. ಈಗ ಅದಕ್ಕೆಲ್ಲ ಕಾರಣ ಸಿಕ್ಕಿತ್ತು, ಅದೂ ಸರ್ಕಾರದ ಮೊಹರಿನ ಸಮೇತ.

ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಅವಳು ಹೌದು ಅಂದುಬಿಟ್ಟರೆ? ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು ಅವನಿಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬೆಳಿಗ್ಗೆ ಪಿಳ್ಳಮ್ಮ ಕಾಫಿ ಕೊಟ್ಟರೆ ಲೋಟ ತೆಗೆದುಕೊಳ್ಳುವಾಗ ಅವಳ ಮುಖ ನೋಡುತ್ತಿದ್ದ. ಅವಳ ಗಲ್ಲ, ಅವಳ ಕಿವಿ. ಕನ್ನಡಿಯ ಮುಂದೆ ನಿಂತು ತನ್ನ ಕಿವಿ. "ಏನೋ ಹಂಗ್ ನೋಡ್ತೀಯ, ಸಕ್ರೆ ಕಮ್ಮಿ ಆಯ್ತಾ?" ಎಂದು ಅವಳು ಕೇಳಿದರೆ, ಇಲ್ಲ ಎಂದು ಓಡುತ್ತಿದ್ದ.

ಕೆಲಸವೂ ಕೆಟ್ಟಿತು. ಬುಧವಾರ ಇಂದಿರಾನಗರದ ಒಂದು ಕಟ್ಟಡದಲ್ಲಿ ಸರ್ವೀಸ್ ಮುಗಿಸಿ ಮೇನ್ ಸ್ವಿಚ್ಚು ಹಾಕುವುದನ್ನೇ ಮರೆತು ಹೊರಟುಬಂದ. ನಾಲ್ಕನೇ ಮಹಡಿಯ ಕಚೇರಿಯವರು ಫೋನು ಮಾಡಿ ಬೈದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬೈಗುಳ. ಗುರುವಾರ ತಡೆಯಲಾರದೆ, ಮಧ್ಯಾಹ್ನದ ಊಟ ಬಿಟ್ಟು, ಶಿವಾಜಿನಗರಕ್ಕೆ ಗಾಡಿ ತಿರುಗಿಸಿದ. ಪಿಳ್ಳಮ್ಮನನ್ನು ಕೇಳುವ ಬದಲು ಶಂಶುನ್ನೀಸಾಳನ್ನೇ ಕೇಳಿದರೆ ಹೇಗೆ ಎಂಬ ಹುಚ್ಚು ಧೈರ್ಯ. ಬದುಕಿದ್ದರೆ ಎಂಬತ್ತು ದಾಟಿರಬೇಕು.

ಬೇಕರಿ ಇದ್ದ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಇತ್ತು. ಹಿಂದಿನ ಸಾಲುಮನೆಗಳು ಹೋಗಿ ಮೂರಂತಸ್ತು ಎದ್ದಿತ್ತು. ಎದುರಿನ ಚಹದಂಗಡಿಯಲ್ಲಿ ಬಿಳಿಗಡ್ಡದ ಒಬ್ಬ ಯಜಮಾನರು ಕೂತಿದ್ದರು. ಹೆಸರು ಹೇಳಿದೊಡನೆ ಅವರ ಮುಖ ಅರಳಿತು.

"ಶಂಶು ಆಪಾನಾ? ಅವರು ಹೋಗಿ ಜಮಾನಾ ಆಯ್ತಲ್ಲ ಸಾಬ್. ಎಂಬತ್ನಾಲ್ಕನೇ ಇಸ್ವಿಯೋ ಎಂಬತ್ತೈದೋ ಇರ್ಬೇಕು. ನಾನೇ ಹೆಗಲು ಕೊಟ್ಟೆ."

"ಅವರಿಗೆ ಮಕ್ಕಳು?"

"ಆಗ್ಲಿಲ್ಲ ಪಾಪ. ಆದ್ರೆ ಕೇಳಿದವರಿಗೆಲ್ಲ ಹೇಳ್ತಿದ್ರು, ನನಗೂ ಒಬ್ಬ ಬೇಟಾ ಇದಾನೆ, ದೊಡ್ಡನೆಕ್ಕುಂದೀಲಿ ಇದಾನೆ ಅಂತ. ನಾವು ತಮಾಷೆ ಅಂದ್ಕೊಂಡಿದ್ವಿ. ನೀವು ಯಾರು ಸಾಬ್?"

ಮುನಿರಾಜು ಚಹ ಕುಡಿಯದೆ ಎದ್ದ. ಯಾರು ಎಂಬ ಆ ಪ್ರಶ್ನೆಗೆ ಅವನಿಗೆ ಅಳು ಬಂದುಬಿಟ್ಟಿತ್ತು. ಹಲಸೂರು ಕೆರೆಯ ಪಕ್ಕ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೂತ. ಇನ್ನು ಕೇಳಲು ಬೇರೆ ಯಾರೂ ಉಳಿದಿರಲಿಲ್ಲ. ಅಪ್ಪ ಹೋಗಿ ಹದಿನೈದು ವರ್ಷ, ದೊಡ್ಡಮ್ಮ ಕೋವಿಡ್ಡಿನಲ್ಲಿ ಹೋದಳು. ಇರುವುದು ಎಪ್ಪತ್ತೈದರ ಪಿಳ್ಳಮ್ಮ ಒಬ್ಬಳೇ.

ಪ್ರಾಜೆಕ್ಟು ಕೊಡಬೇಕಾದದ್ದು ಸೋಮವಾರ. ಮಕ್ಕಳ ಚಾರ್ಟು ನೋಡಲು ಅಜ್ಜಿ ತಾತಂದಿರನ್ನೂ ಶಾಲೆಗೆ ಕರೆದಿದ್ದರು. ಪಿಳ್ಳಮ್ಮ ಆಗಲೇ ಉಡುವ ಸೀರೆಯನ್ನು ತೆಗೆದಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಸಂಘಮಿತ್ರಾ ಜಗುಲಿಯ ಮೇಲೆ ಚಾರ್ಟು ಹರಡಿಕೊಂಡು ಕೂತಳು. ಎಲ್ಲ ಚೌಕಗಳೂ ತುಂಬಿದ್ದವು, ಅಪ್ಪನ ಹೆಸರಿನ ಮೇಲಿನದೊಂದು ಖಾಲಿ. ಪಕ್ಕದಲ್ಲೇ ಪಿಳ್ಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಪಿಳ್ಳಮ್ಮ ಅಂತಲೇ ಬರೆದ್ಬಿಡು ಪುಟ್ಟಿ" ಎಂದು ಮುನಿರಾಜು ಮಗಳ ಕಿವಿಯಲ್ಲಿ ಉಸುರಿದ.

"ಕಾಗದದಲ್ಲಿ ಹಾಗಿಲ್ವಲ್ಲ ಅಪ್ಪ."

"ಮಿಸ್ಸಿಗೆ ನಾನು ಹೇಳ್ತೀನಿ. ಕಾಗದ ಸಿಗಲಿಲ್ಲ ಅಂತ."

"ಸಿಕ್ಕಿದೆಯಲ್ಲ!" ಹುಡುಗಿಯ ಕಣ್ಣಲ್ಲಿ ನೀರು. ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಅವಳೂ. ಹನ್ನೆರಡರ ವಯಸ್ಸಿಗೆ ಅದು ದೊಡ್ಡ ಭಾರ. ಅಪ್ಪ ತಡೆಯುವ ಮೊದಲೇ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಶಂಶುನ್ನೀಸಾ ಅಂದ್ರೆ ಯಾರು?"

ಪಿಳ್ಳಮ್ಮನ ಕೈ ನಿಂತಿತು.

"ಯಾರ್ ಹೇಳಿದ್ರು ನಿಂಗೆ ಆ ಹೆಸ್ರು?"

"ರಿಜಿಸ್ಟರಲ್ಲಿದೆ ಅಜ್ಜಿ. ಅಪ್ಪನ ಅಮ್ಮ ಅಂತ ಬರೆದಿದೆ."

ಪಿಳ್ಳಮ್ಮ ಮೊಮ್ಮಗಳನ್ನು ನೋಡಲಿಲ್ಲ. ಮುನಿರಾಜುವನ್ನು ನೋಡಿದಳು, ಬಿದ್ದೆದ್ದ ಮಗುವನ್ನು ಎಲ್ಲಾದರೂ ಪೆಟ್ಟಾಯಿತೇ ಎಂದು ನೋಡುವ ಹಾಗೆ, ತಲೆಯಿಂದ ಕಾಲಿನವರೆಗೆ. ಆಮೇಲೆ ಹೇಳಿದಳು. "ಸರ್ಯಾಗೇ ಐತೆ ಅದು. ಇವನು ಶಂಶುನ್ನೀಸಾ ಮಗ."

ಮುನಿರಾಜು ಅವರೆಕಾಯಿಯ ರಾಶಿಯ ಮೇಲೇ ಕೂತುಬಿಟ್ಟ. ಐವತ್ತೊಂದು ವರ್ಷದ ಗಂಡಸು, ಮಕ್ಕಳ ಮುಂದೆ, ಗಟ್ಟಿಯಾಗಿ ಅತ್ತ. ಒಳಗಿದ್ದ ಯಮುನಾ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಹಿಂದೆ ಸುಗತ. ಅವಳಿಗೆ ಗಂಡ ಏನನ್ನೂ ಹೇಳಿರಲಿಲ್ಲ. ಸುಗತ ನಕಲನ್ನು ತಂದು ಅಮ್ಮನಿಗೆ ತೋರಿಸಿದ.

"ಎಂಟು ದಿನದಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಎಂದಳು ಯಮುನಾ. ಈ ಸಲ ಅವಳು ನಗಲಿಲ್ಲ. ಅತ್ತೆಯ ಕಡೆ ತಿರುಗಿ, "ಅತ್ತೆ, ಏನಿದು? ಹೇಳಿ ನೀವು" ಎಂದಳು.

"ಮೊದ್ಲು ಬಾಗ್ಲು ಹಾಕು" ಎಂದಳು ಪಿಳ್ಳಮ್ಮ. ಯಮುನಾ ಜಗುಲಿಯ ಗ್ರಿಲ್ಲು ಎಳೆದಳು. ಪಿಳ್ಳಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ಒಂದೊಂದು ಬೆರಳನ್ನೂ ಒರೆಸಿಕೊಂಡಳು.

"ಇವನಿಗೆ ಮುಂಚೆ ಮೂರು ಹೆತ್ತಿದ್ದೆ ಕಣೆ. ಮೊದಲ್ನೇದು ಗಂಡು, ನಲ್ವತ್ತು ದಿನ ಇತ್ತು. ಎರಡ್ನೇದು ಹೆಣ್ಣು, ಮಗುಚಿಕೊಳ್ಳೋದು ಕಲ್ತಿತ್ತು. ಮೂರ್ನೇದೂ ಹೆಣ್ಣೇ. ಗೋಡೆ ಹಿಡ್ಕೊಂಡು ನಿಂತ್ಕೊಳ್ತಿತ್ತು. ಒಂದಿನ ಮೈ ಬಿಸಿ ಆಯ್ತು, ಮಾರನೇ ದಿನಕ್ಕೆ ಇಲ್ಲ."

ಮುನಿರಾಜು ಅಳು ನಿಲ್ಲಿಸಿದ. ತನಗಿಂತ ಮುಂಚೆ ಮೂವರು ಇದ್ದರೆಂದು ಈ ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

"ಮೂರಕ್ಕೂ ನಿಮ್ಮ ತಾತ ಹೋಗಿ ನನ್ನ ಹೆಸ್ರು ಬರೆಸಿ ಬಂದಿದ್ರು. ಮೂರೂ ಹೋದ್ವು. ಇವನು ಹುಟ್ದಾಗ ಸಾಲುಮನೆ ಮುದುಕೀರೆಲ್ಲ ಅಂದ್ರು, ಪಿಳ್ಳಮ್ಮ, ನಿನ್ನ ಮಡ್ಲು ಸಾವಿಗೆ ಗೊತ್ತಾಗ್ಬುಟ್ಟೈತೆ, ಹುಡುಕ್ಕೊಂಡು ಬರ್ತೈತೆ. ಇದನ್ನ ಮಾರ್ಬುಡು ಅಂತ. ಐದನೇ ದಿನ ಮೊರದಲ್ಲಿ ಮಲಗ್ಸಿ ಹೊಸ್ತಿಲು ದಾಟ್ಸಿ ಕೊಟ್ಟೆ. ಶಂಶು ಆಚೆ ನಿಂತು ಒಂದು ಸೇರು ತೌಡು ಹಾಕಿ ಇವನನ್ನ ಎತ್ಕೊಂಡ್ಲು. ಮಗು ಯಾರ್ದು ಅಂತ ಮೂರು ಸಲ ಕೇಳಿದ್ರು. ನಂದು, ನಂದು, ನಂದು ಅಂದ್ಲು. ಅವತ್ತಿಂದ ನಾನು ಹಾಲು ಕೊಡೋ ಕೂಲಿಯವಳು, ಅಷ್ಟೆ."

"ಅದು ಶಾಸ್ತ್ರ ಅಜ್ಜಿ" ಎಂದ ಸುಗತ. "ರಿಜಿಸ್ಟರಲ್ಲಿ ಯಾಕೆ ಬರೆಸಿದ್ರಿ?"

"ಎಲ್ರೂ ಮೊರಕ್ಕೇ ಬಿಡ್ತಾರೆ ಕಣಪ್ಪ. ನಂಗೆ ಧೈರ್ಯ ಸಾಲಲಿಲ್ಲ. ಯಮನ ಹತ್ರಾನೂ ಒಂದು ಪುಸ್ತಕ ಐತಂತಲ್ಲ, ನೋಡ್ಕೊಂಡೇ ಬರೋದಂತಲ್ಲ. ಆ ಪುಸ್ತಕ, ಈ ಪುಸ್ತಕ, ಎರಡೂ ತಾಳೆ ಆಗ್ಬೇಕು ಅನ್ನಿಸ್ತು. ನಾನೇ ಶಂಶೂನ ಕಳಿಸ್ದೆ, ಹೋಗಿ ನಿನ್ನ ಹೆಸ್ರು ಬರೆಸಿ ಹೆಬ್ಬೆಟ್ಟು ಒತ್ತಿ ಬಾ ಅಂತ. ಅಪ್ಪನ ಹೆಸ್ರೂ ಬದಲಾಯ್ಸು ಅಂದಿದ್ದೆ. ನಿಮ್ಮ ತಾತ ಒಪ್ಪಲಿಲ್ಲ. ಗಂಡು ಮಗೀನ ಅಪ್ಪ ಅನ್ನಿಸ್ಕೊಳ್ಳೋ ಆಸೆ. ಮೂರು ದಿನ ಮಾತು ಬಿಟ್ಟಿದ್ದೆ."

ಯಮುನಾ ಮೆಲ್ಲಗೆ ಕೇಳಿದಳು. "ಮಾರಿದ ಮಗೂನ ಆಮೇಲೆ ವಾಪಸ್ ಕೊಂಡ್ಕೋತಾರಲ್ಲ ಅತ್ತೆ?"

"ಐದು ತುಂಬಿದ್ಮೇಲೆ ತೌಡು ವಾಪಸ್ ಕೊಟ್ಟು ಕೊಂಡ್ಕೋಬೇಕು. ಶಂಶು ಜ್ಞಾಪಿಸ್ತಾನೇ ಇದ್ಲು. ಇನ್ನೊಂದು ವರ್ಷ ಹೋಗ್ಲಿ ಅಂದೆ. ಇಲ್ಲಿಗೆ ಬಂದ್ಮೇಲೂ, ನಾಳೆ ಹೋಗನ, ಬರೋ ವರ್ಷ ಹೋಗನ. ಒಂಬತ್ನೇ ವರ್ಷಕ್ಕೆ ಇವನಿಗೆ ಆ ಜ್ವರ ಬಂತು. ಕೊಂಡ್ಕೊಳ್ಳೋ ಯೋಚ್ನೆ ಮಾಡಿದ್ದಕ್ಕೇ ಬಂತು ಅಂತ ಗಾಬ್ರಿ ಆಗಿ, ಆಸ್ಪತ್ರೆ ಒಳಿಕ್ಕೂ ಕಾಲಿಡ್ಲಿಲ್ಲ ನಾನು. ಹನ್ನೊಂದು ದಿನ ಆಚೆ ನಿಂತಿದ್ದೆ, ಒಳಗೆ ಬಂದ್ರೆ ಗುರ್ತು ಹತ್ತೋಗ್ತೈತೆ ಅಂತ. ಆಮೇಲೆ ಶಂಶು ಹೋಗ್ಬುಟ್ಲು ಅಂತ ಸುದ್ದಿ ಬಂತು. ಇನ್ಯಾರತ್ರ ಕೊಂಡ್ಕೊಳ್ಳನ?"

ಮುನಿರಾಜು ಪಿಳ್ಳಮ್ಮನನ್ನೇ ನೋಡುತ್ತಿದ್ದ. ಅವನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಇಳಿಯುತ್ತಲೇ ಎಂಥದೋ ಸಂಕಟ ಉಕ್ಕಿತು. ಬದುಕಿಡೀ ಭಯಪಟ್ಟವನು ತಾನು ಒಬ್ಬನೇ ಎಂದುಕೊಂಡಿದ್ದನಲ್ಲ. ಮೊಣಕಾಲ ಮೇಲೆ ಸರಿದು ಅವಳ ಹತ್ತಿರ ಹೋದ.

"ಹಾಗಾದ್ರೆ ಅಕ್ಕ, ನಾನು ನಿನ್ನ ಮ..."

ಪಿಳ್ಳಮ್ಮ ಅವರೆಯ ವಾಸನೆಯ ಕೈಯನ್ನು ಅವನ ಬಾಯಿಗೆ ಒತ್ತಿದಳು. ಮುದುಕಿಯ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಮುಚ್ಚು ಬಾಯಿ! ಅನ್ಬೇಡ ಆ ಮಾತ್ನ. ಇಷ್ಟು ವರ್ಷ ಹೆಂಗೆ ಕಾಪಾಡ್ಕೊಂಡು ಬಂದಿವ್ನಿ ನಂಗೇ ಗೊತ್ತು."

"ಒಂದೇ ಒಂದ್ಸಲ ಹೇಳು" ಎಂದ ಅವನು, ಅವಳ ಕೈಯ ಅಡಿಯಿಂದಲೇ.

"ಹೇಳಲ್ಲ."

"ತಾತ ಬೌದ್ಧ ಆದಾಗ ನೀವೂ ಆದ್ರಲ್ಲ ಅಜ್ಜಿ" ಎಂದ ಸುಗತ. "ಇದನ್ನೆಲ್ಲ ನಂಬಬಾರದು ಅಂತ ತಾತ ಹೇಳ್ತಿರ್ಲಿಲ್ವಾ?"

"ನಂಬಲ್ಲ ಕಣೋ. ಬೇರೆ ಯಾವುದ್ರಲ್ಲಿ ಬೇಕಾದ್ರೂ ಪರೀಕ್ಷೆ ಮಾಡು, ನಂಬಲ್ಲ. ಇವನನ್ನ ಇಟ್ಕೊಂಡು ಪರೀಕ್ಷೆ ಮಾಡಾಕಾಗಲ್ಲ."

ಪಿಳ್ಳಮ್ಮ ಕೈ ತೆಗೆದಳು, ಅವನ ಕೆನ್ನೆಯ ಮೇಲಿನ ನೀರನ್ನು ಸೆರಗಿನಿಂದ ಒರಟಾಗಿ ಒರೆಸಿದಳು. ಆಮೇಲೆ ಸಂಘಮಿತ್ರಾಳನ್ನು ಕೇಳಿದಳು. "ಆ ಮೂರೂ ಅವೆಯಾ ಆ ಪುಸ್ತಕದಾಗೆ?"

"ನೋಡ್ಲಿಲ್ಲ ಅಜ್ಜಿ. ಹಿಂದಿನ ವರ್ಷದ ರಿಜಿಸ್ಟರುಗಳಲ್ಲಿ ಇರ್ತವೆ. ಹುಟ್ಟಿದ್ದು, ತಾತನ ಹೆಸರು, ನಿಮ್ಮ ಹೆಸರು, ಎಲ್ಲ ಇರುತ್ತೆ."

"ನನ್ನ ಹೆಸ್ರೂ ಐತಾ ಪಕ್ಕದಾಗೆ? ಅಳಿಸ್ಲಿಲ್ವಾ ಅವ್ರು?"

"ಅಳಿಸಲ್ಲ ಅಜ್ಜಿ. ಯಾವತ್ತೂ ಅಳಿಸಲ್ಲ."

ಪಿಳ್ಳಮ್ಮ ತಲೆಯಾಡಿಸಿದಳು. ಎಷ್ಟೋ ವರ್ಷದಿಂದ ಯಾರೊಬ್ಬರೂ ಕೇಳದೆ ಇದ್ದ ಮಕ್ಕಳು ಅವು. ಒಂದು ಫೋಟೋ ಇಲ್ಲ, ಒಂದು ಅಂಗಿ ಇಲ್ಲ. ಹೂತ ಜಾಗದ ಗುರುತೂ ಇಲ್ಲ. ಚಾರ್ಟನ್ನು ಹತ್ತಿರ ಎಳೆದುಕೊಂಡಳು, ಓದಲು ಬಾರದ ಆ ಕಾಗದದ ಮೇಲೆ ಖಾಲಿ ಜಾಗ ಎಲ್ಲಿದೆ ಎಂದು ಬೆರಳಾಡಿಸಿ ನೋಡಿದಳು.

"ಇಲ್ಲಿ ಬರಿ. ಪಿಳ್ಳಮ್ಮನ ಮಕ್ಳು ಮೂರು. ಮುನಿಯ, ಲಕ್ಷ್ಮಿ, ಪುಟ್ಟತಾಯಿ. ಬರ್ದ್ಯಾ? ಅವು ನಂದು. ಕಾಗ್ದ ನಾವೇ ಹೋಗಿ ತರನ, ನಾನೂ ಬರ್ತೀನಿ. ಇವನು ಅಲ್ಲಿ ಬೇಡ. ಇವನನ್ನ ಆ ಕಡೆ ಬರಿ, ದೂರಕ್ಕೆ. ಶಂಶುನ್ನೀಸಾ ಮಗ ಅಂತ ಬರಿ."

ಸಂಘಮಿತ್ರಾ ಅಪ್ಪನನ್ನು ನೋಡಿದಳು. ಬೇಡ ಅನ್ನುತ್ತಾನೇನೋ ಎಂದು ಯಮುನಾಳೂ ನೋಡಿದಳು. ಮುನಿರಾಜು ಬೇಡ ಅನ್ನಲಿಲ್ಲ. ಗಾಳಿಗೆ ಮೇಲೇಳುತ್ತಿದ್ದ ಚಾರ್ಟನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ.

"ಬರಿ ಪುಟ್ಟಿ" ಎಂದ.

"ದೊಡ್ಡದಾಗಿ ಬರಿ" ಎಂದಳು ಪಿಳ್ಳಮ್ಮ. "ಯಾರ್ ಬಂದ್ರೂ ಮೊದ್ಲು ಅದೇ ಕಾಣ್ಬೇಕು."